ಮಂಜಿನಮನೆ ದಿಣ್ಣೆ

ನಮ್ಮೂರು ಬಂಡೆಕುಂಟೆಯ ಪಡುವಣಕ್ಕಿರುವ ಬೋಳು ದಿಣ್ಣೆಯನ್ನು ಸುತ್ತಲಿನವರು ಮಂಜಿನಮನೆ ದಿಣ್ಣೆ ಎನ್ನುತ್ತಾರೆ. ಅಲ್ಲಿ ಈಗ ಮನೆಯಿಲ್ಲ, ತಂಗಡಿ ಗಿಡಗಳ ನಡುವೆ ಒಂದು ಕಲ್ಲಿನ ತಳಪಾಯವಷ್ಟೇ ಉಳಿದಿದೆ. ಹಿಮದ ಮಂಜಂತೂ ಬಂಡೆ ಕಾದು ಸಿಡಿಯುವ ಈ ಸೀಮೆಯಲ್ಲಿ ಎಂದೂ ಸುರಿದದ್ದಿಲ್ಲ. ಹಳೆಯ ನಕ್ಷೆಯಲ್ಲಿ ಈ ಜಾಗಕ್ಕೆ ಗಣಿಯ ದೊರೆಯೊಬ್ಬನ ಹೆಸರಿದೆ. ಆ ಹೆಸರು ಹೇಳಿ ದಾರಿ ಕೇಳಿದವರಿಗೆ ನಮ್ಮೂರಿನಲ್ಲಿ ಯಾರೂ ದಾರಿ ತೋರಿಸುವುದಿಲ್ಲ.

ಹಿಂದೆ ಒಮ್ಮೆ, ಇಲ್ಲಿ ಚಿನ್ನದ ಗಣಿ ತೋಡುತ್ತಿದ್ದಾಗ, ಕೆನಡಾ ದೇಶದಿಂದ ಒನೆಜಿಮ್ ತೆರಿಯೊ ಎಂಬ ಬಡಗಿ ಬಂದನಂತೆ. ಫ್ರೆಂಚ್ ಮಾತಿನವನು, ಊರವರ ಬಾಯಲ್ಲಿ ತೇರಯ್ಯನಾದ. ಗಣಿ ಕಂಪನಿ ಕೊಟ್ಟ ಈ ದಿಣ್ಣೆಯ ಮೇಲೆ ಅವನು ತನ್ನ ಹುಟ್ಟೂರಿನ ರೀತಿಯಲ್ಲೇ ಮನೆ ಎಬ್ಬಿಸಿದ. ಎರಡು ಮೊಳ ದಪ್ಪದ ಕಲ್ಲುಗೋಡೆ, ಕಡಿದಾದ ಮಾಡು, ತುದಿಯಲ್ಲಿ ಹಕ್ಕಿಯ ರೆಕ್ಕೆಯಂತೆ ಹೊರಕ್ಕೆ ಬಾಗಿದ ಸೂರು. ಗೋಡೆ ಕಟ್ಟಿದವಳು ಗಣಿಯಲ್ಲಿ ಕಲ್ಲುಕೆಲಸಕ್ಕಿದ್ದ ಪಿಳ್ಳಮ್ಮ. "ಮಾಡು ಇಷ್ಟು ಇಳಿಜಾರು ಯಾಕೆ ಸ್ವಾಮಿ?" ಎಂದು ಅವಳು ಕೇಳಿದಾಗ ಅವನು, "ನಮ್ಮಲ್ಲಿ ಆಳೆತ್ತರ ಮಂಜು ಬೀಳ್ತದೆ. ಅದು ಜಾರಿ ಹೋಗದಿದ್ರೆ ಮನೆ ಮುರೀತದೆ" ಎಂದನಂತೆ. ಪಿಳ್ಳಮ್ಮ ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಅದು ಮಂಜಿನಮನೆಯಾಯಿತು. ಆದರೂ ಅವಳು ಮರದ ತೊಲೆಗಳನ್ನು ಬಾಗಿಸಿ ಜೋಡಿಸುವ ಕ್ರಮವನ್ನು ಅವನ ಪಕ್ಕದಲ್ಲೇ ನಿಂತು ಕಲಿತಳು.

ಮೂರನೆಯ ವರ್ಷ ಊರಿಗೆ ಪ್ಲೇಗು ಬಂತು. ಗಡ್ಡೆ ಎದ್ದ ಕೂಲಿಗಳನ್ನು ಎಲ್ಲೆಯಾಚೆ ಅಟ್ಟಬೇಕೆಂದು ಗಣಿಯ ದೊರೆ ಹುಕುಂ ಮಾಡಿದ. ತೇರಯ್ಯ ಅವರನ್ನೆಲ್ಲ ತನ್ನ ಮನೆಯೊಳಕ್ಕೆ ಕರೆದುಕೊಂಡ. ಹದಿನೆಂಟು ಜನ ಅಲ್ಲಿ ಮಲಗಿದರು, ಪಿಳ್ಳಮ್ಮ ಗಂಜಿ ಕಾಯಿಸಿದಳು. ಏಳು ಜನ ಬದುಕಿ ಎದ್ದರು. ರೋಗ ಇಳಿದ ಮೇಲೆ, ಹುಕುಂ ಮೀರಿದ್ದಕ್ಕಾಗಿ ದೊರೆ ತೇರಯ್ಯನನ್ನು ಕೆಲಸದಿಂದ ತೆಗೆದು ಊರು ಬಿಡಿಸಿದ. ಸೋಂಕಿನ ನೆಪ ಹೇಳಿ ಮನೆಯನ್ನು ಆನೆ ಕಟ್ಟಿ ಎಳೆಸಿದ. ಆ ಗೋಡೆ ಬೀಳಲು ನಾಲ್ಕು ದಿನ ಹಿಡಿಯಿತು. ಬದುಕುಳಿದ ಏಳು ಜನವೂ ನಾಲ್ಕು ದಿನ ಕೆಲಸಕ್ಕೆ ಹೋಗದೆ ಎದುರಿಗೇ ನಿಂತು ನೋಡಿದರು.

ಮರುವಾರವೇ ಪಿಳ್ಳಮ್ಮ ತನ್ನ ಗುಡಿಸಲನ್ನು ಬಿಚ್ಚಿ, ಅದೇ ಇಳಿಜಾರಿನ ಮಾಡು, ಅದೇ ಬಾಗಿದ ಸೂರು ಏರಿಸಿದಳು. ಇಂಥ ಮನೆ ಕಟ್ಟಿದವರಿಗೆ ಗಣಿಯಲ್ಲಿ ಕೆಲಸವಿಲ್ಲವೆಂದು ದೊರೆ ತಾನೇ ಕುದುರೆಯೇರಿ ಬಂದು ಗದರಿದ. ಅವಳು ಮಾಡಿನ ಮೇಲಿಂದ ಇಳಿಯಲೂ ಇಲ್ಲ. "ಆ ಮನೆ ನಿಮ್ಮ ಜಾಗದಾಗಿತ್ತು, ಕೆಡವಿದ್ರಿ. ಇದು ನಮ್ಮಪ್ಪನ ಜಾಗ. ನನ್ನ ಸೂರು ಎತ್ತ ಬಾಗಬೇಕು ಅಂತ ಹೇಳಕ್ಕೆ ನೀವ್ಯಾರು?" ಎಂದಳು. ಮರುದಿನ ಅವಳ ಹೆಸರು ಕೂಲಿಯ ಪಟ್ಟಿಯಿಂದ ಹೋಯಿತು. ಆ ಏಳು ಜನ ಒಬ್ಬರಾದ ಮೇಲೊಬ್ಬರು ಬಂದು, "ಅಕ್ಕಾ, ನಮಗೂ ಕಟ್ಟಿಕೊಡು" ಎಂದರು. ಎಂಟು ಮನೆಗಳಾದವು. ಆಮೇಲೆ ಕೇರಿಯೇ ಎದ್ದಿತು. ಎಲ್ಲರನ್ನೂ ತೆಗೆದರೆ ಗಣಿಗೆ ಇಳಿಯುವವರೇ ಇರುವುದಿಲ್ಲವೆಂದು ಕಂಡು ದೊರೆ ಸುಮ್ಮನಾದ ಎನ್ನುತ್ತಾರೆ.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಇಂದಿಗೂ ದಿಣ್ಣೆಯ ಮೇಲೆ ನಿಂತು ಕೆಳಗೆ ನೋಡಿದರೆ, ಸುಡುವ ಬಿಸಿಲಿನಲ್ಲಿ ಬಂಡೆಕುಂಟೆಯ ನಲವತ್ತೊಂದು ಮನೆಗಳು ಕಡಿದಾದ ಮಾಡು ಹೊತ್ತು, ಬಾರದ ಮಂಜಿಗೆ ಸೂರು ಬಾಗಿಸಿಕೊಂಡು ನಿಂತಿರುವುದು ಕಾಣುತ್ತದೆ.