ಕರೆದವರನ್ನು ಕಳಿಸದ ಅಂಗಳ

ಕಾಲ ಯಾವುದೆಂದು ಕೇಳಬಾರದು, ಅರಸ ಯಾರೆಂದೂ ಕೇಳಬಾರದು. ಕರೀ ಮಣ್ಣಿನ ಸೀಮೆಯಲ್ಲಿ ಕರೇಕಲ್ಲು ಅಂತ ಒಂದು ಊರಿತ್ತಂತೆ. ಊರ ನಡುವೆ ಒಂದು ವಾಡೆ, ಗೌಡರ ದೊಡ್ಡ ಮನೆ. ಆ ಮನೆತನದ ಮೂಲಪುರುಷ ಊರಿಗೆ ಬಾವಿ ತೋಡಿಸಿದವನು. ಅವನ ಮಗ ಊರಿಗೆ ಅಗಸಿಬಾಗಿಲು ಕಟ್ಟಿಸಿದವನು. ಅವನ ಮಗ ದಂಡು ಬಂದಾಗ ಆ ಅಗಸಿಯ ಮುಂದೆ ಎದೆಕೊಟ್ಟು ನಿಂತವನು. ಅವನ ಮಗ ನೆಲದೊಳಗಿನ ಹಗೇವಿನ ಬಾಯಿ ತೆಗೆಸಿ ಹಸಿದವರಿಗೆ ಜೋಳ ಅಳೆದವನು. ಅವನ ಮಗ ಚಾವಡಿಯ ಕಂಬ ನಿಲ್ಲಿಸಿದವನು. ಆರನೆಯವನು ಅಮರಗೌಡ. ಅವನು ನ್ಯಾಯ ಹೇಳಿದರೆ ಸೋತವನೂ ಕೈಮುಗಿದು ಹೋಗುತ್ತಿದ್ದನಂತೆ. ಇಷ್ಟು ತಲೆಮಾರಿನಲ್ಲಿ ಆ ಮನೆಯವರು ಯಾರ ಮುಂದೆಯೂ ತಲೆ ತಗ್ಗಿಸಿದ್ದಿಲ್ಲ. ಯಾರ ಮುಂದೆಯೂ ತಪ್ಪಾಯಿತು ಅಂದದ್ದಿಲ್ಲ.

ಅಮರಗೌಡ ತೀರಿಕೊಂಡ ಮೇಲೆ ವಾಡೆಯನ್ನು ನಡೆಸುತ್ತಿದ್ದವಳು ಅವನ ಹೆಂಡತಿ ನೀಲಗಂಗವ್ವ ಗೌಡಸಾನಿ. ಕಂಬದ ಹಾಗೆ ನೆಟ್ಟಗೆ ಕೂರುವ ಹೆಂಗಸು. ತೊಳೆದ ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆಸುವವಳು. ಮಗ, ಸೊಸೆ, ಆಳುಕಾಳು, ಯಾರೂ ಅವಳ ಮಾತಿಗೆ ಎದುರಾಡಿದವರಲ್ಲ.

ಈ ಮನೆತನದ ಹಿರಿಮೆಯನ್ನೆಲ್ಲ ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದವನು ವಂಶಾವಳಿ ಹೇಳುವ ಹೆಳವರ ಮುದುಕಪ್ಪ. ಸುಗ್ಗಿ ಮುಗಿದರೆ ಸಾಕು, ಎತ್ತಿನ ಮೇಲೆ ಕೂತು, ಕೈಯಲ್ಲಿ ಕಂಚಿನ ಗಂಟೆ ಹಿಡಿದು ಬರುತ್ತಿದ್ದ. ಹಿಂದೆ ಅವನ ಹೆಂಡತಿ ಯಮನವ್ವ ನಡೆದು ಬರುತ್ತಿದ್ದಳು. ವಾಡೆಯ ಅಂಗಳದಲ್ಲಿ ಎತ್ತು ನಿಲ್ಲಿಸಿ, ಗಂಟೆ ಬಾರಿಸಿ, ಮೂಲಪುರುಷನಿಂದ ಹಿಡಿದು ಹೆಸರು ಕರೆಯುತ್ತಿದ್ದ. ಕರೆದ ಹಾಗೆಲ್ಲ ಆ ಹಿರಿಯ ಬಂದು ಅಂಗಳದಲ್ಲಿ ನಿಲ್ಲುತ್ತಾನೆ ಅಂತ ನಂಬಿಕೆ. ಕೊನೆಗೆ ಮುದುಕಪ್ಪ ಗಂಟೆ ಬೋರಲು ಹಿಡಿದು, "ಬಂದವರೆಲ್ಲ ಉಂಡಿರಿ, ಕಂಡಿರಿ, ನಿಮ್ಮ ನಿಮ್ಮ ಠಾವಿಗೆ ಹೋಗಿ ಬರ್ರಿ" ಅನ್ನುತ್ತಿದ್ದ. ಆಗ ಅವರು ಹೋಗುತ್ತಿದ್ದರಂತೆ. ಕರೆದ ಮೇಲೆ ಕಳಿಸಬೇಕು. ನಡುವೆ ನಿಲ್ಲಿಸಬಾರದು. ಅದು ಆ ಹೆಳವರ ಮನೆಯ ಕಟ್ಟಳೆ.

ಆ ವರ್ಷ ವಾಡೆಯಲ್ಲಿ ಗಂಡುಮಗು ಹುಟ್ಟಿತ್ತು. ಅಜ್ಜನ ಹೆಸರಿಡಬೇಕು ಅಂತ ತೀರ್ಮಾನವಾಗಿತ್ತು. ಮುದುಕಪ್ಪ ಬಂದ, ಗಂಟೆ ಬಾರಿಸಿದ, ಹೆಸರು ಕರೆಯತೊಡಗಿದ. ಯಮನವ್ವನನ್ನು ಒಳಗೆ ಕರೆದರು. ಅವಳು ಕೂಸಿಗೆ ದೃಷ್ಟಿ ತೆಗೆದು ಹೊರಗೆ ಬಂದಳು. ಅಂಗಳದಲ್ಲಿ ಮುದುಕಪ್ಪ ಆರನೆಯ ಹೆಸರು ಕರೆದು ಉಸಿರು ತೆಗೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಕೂಸಿನ ನಡುವಿನಲ್ಲಿದ್ದ ಬೆಳ್ಳಿಯ ಉಡಿದಾರ ಕಾಣುವುದಿಲ್ಲ ಅಂತ ಆಳುಹೆಂಗಸು ಓಡಿ ಬಂದಳು.

ಗೌಡಸಾನಿ ಏನೂ ಕೇಳಲಿಲ್ಲ. ಜಗುಲಿಯ ಮೇಲೆ ಬಂದು ನಿಂತು, "ಊರೂರು ಅಲೆಯೋರ ಕೈಗೆ ಕೂಸು ಕೊಟ್ಟಿದ್ದು ನಮ್ಮದೇ ಹುಚ್ಚುತನ. ಕಳ್ಳರನ್ನ ಹಿಡೀರಿ" ಅಂದಳಂತೆ.

ಅವರಿಬ್ಬರ ಗಂಟುಮೂಟೆ ಬಿಚ್ಚಿದರು, ಜೋಳ ಸುರಿದರು, ಯಮನವ್ವನ ಸೆರಗು ಜಾಡಿಸಿದರು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಕಳ್ಳತನಕ್ಕೆ ಸಾಕ್ಷಿಯಾಯಿತು. ಎಷ್ಟು ಪಳಗಿದವರಿರಬೇಕು ನೋಡಿ, ಆಗಲೇ ಎಲ್ಲೋ ಹೂತಿದ್ದಾರೆ ಅಂದರು. ಒಬ್ಬನಿಗೆ ಹೋದ ವರ್ಷ ಕಳೆದ ಕೋಳಿ ನೆನಪಾಯಿತು. ಇನ್ನೊಬ್ಬನಿಗೆ ತನ್ನ ಎಮ್ಮೆ ಹಾಲು ಬತ್ತಿಸಿಕೊಂಡದ್ದು ನೆನಪಾಯಿತು. ಮಕ್ಕಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರಂತೆ ಅಂತ ಮತ್ತೊಬ್ಬಳು ಅಂದಳು. ಯಾರ ಮಗು ಹೋಗಿದೆ ಅಂತ ಯಾರೂ ಕೇಳಲಿಲ್ಲ. ಹಳ್ಳದ ದಂಡೆಯಲ್ಲಿ ಅವರು ಹಾಕಿಕೊಂಡಿದ್ದ ಗುಡಿಸಲಿಗೆ ಊರವರೇ ಬೆಂಕಿ ಇಟ್ಟರು. ಗಂಟೆಯನ್ನು ಕಿತ್ತುಕೊಂಡು ಬಾವಿಗೆ ಎಸೆದರು.

ಮುದುಕಪ್ಪ ಬೇಡಿಕೊಂಡದ್ದು ಒಂದೇ. "ಅವ್ವಾರ, ಹೊಡೀರಿ, ಬಡೀರಿ. ಆದರ ಕರೆದವರನ್ನ ಕಳಿಸಿ ಹೋಗ್ತೀನಿ. ಅಷ್ಟು ಬಿಡ್ರಿ."

"ನನ್ನ ಮನಿ ಹಿರ್ಯಾರನ್ನ ನೀ ಏನ್ ಕಳಸ್ತಿ? ನಡಿ" ಅಂದಳು ಗೌಡಸಾನಿ.

ಅಗಸಿ ದಾಟುವ ತನಕ ಅವರ ಬೆನ್ನಿಗೆ ಕಲ್ಲು ಬೀಳುತ್ತಲೇ ಇದ್ದವಂತೆ.

ಮರುದಿನ ಮಟಮಟ ಮಧ್ಯಾಹ್ನ. ಗಿಡದ ನೆರಳು ಗಿಡದ ಬುಡಕ್ಕೇ ಸೇರಿಕೊಳ್ಳುವ ಹೊತ್ತು. ಅಂಗಳ ಗುಡಿಸಲು ಹೋದ ಹೆಂಗಸು ಪೊರಕೆ ಅಲ್ಲೇ ಬಿಟ್ಟು ಒಳಗೆ ಬಂದಳು. ಗೌಡಸಾನಿ ಬೈಯುತ್ತಾ ಹೊರಗೆ ಹೋಗಿ ನೋಡಿದಳು. ಗುಡಿಸಿದ ನೆಲದ ಮೇಲೆ ಆರು ನೆರಳು ಉದ್ದಕ್ಕೆ ಬಿದ್ದಿದ್ದವು. ಆರಕ್ಕೂ ರುಮಾಲಿತ್ತು. ಆರೂ ಬಾಗಿಲಿನ ಕಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ನೆರಳಿನ ಮನುಷ್ಯರು ಮಾತ್ರ ಇರಲಿಲ್ಲ.

ಗೌಡಸಾನಿ ಬಾಗಿಲು ಮುಂದೆ ಮಾಡಿ, ಯಾರಿಗೂ ಹೇಳಕೂಡದು ಅಂತ ಅಪ್ಪಣೆ ಮಾಡಿದಳು. ಆದರೆ ಎಮ್ಮೆಗಳಿಗೆ ಅಪ್ಪಣೆ ಮಾಡುವವರು ಯಾರು? ಅವು ಅಂಗಳಕ್ಕೆ ಕಾಲಿಡಲಿಲ್ಲ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲಿಲ್ಲ. ಬಾವಿಯ ನೀರು ಕುಡಿದರೆ ಕಂಚಿನ ರುಚಿ.

ಹೆಸರಿಡುವ ದಿನ ಬಂತು. ತೊಟ್ಟಿಲು ಸಿಂಗರಿಸಿದರು, ಹಾಡು ಹೇಳಿದರು. ಸೋದರತ್ತೆ ಕೂಸಿನ ಕಿವಿಯ ಹತ್ತಿರ ಬಾಗಿ, "ಅಮರಗೌಡ" ಅಂದಳು.

"ಓ" ಅಂತ ಅಂಗಳದಿಂದ ದನಿ ಬಂತು.

ಎಲೆ ಅಡಿಕೆ ಜಗಿದ ಗಂಡಸಿನ ದಪ್ಪ ದನಿ. ಹಾಡುವವರು ನಿಲ್ಲಿಸಿದರು. ಗೌಡಸಾನಿ ಅಷ್ಟು ವರ್ಷ ಸಂಸಾರ ಮಾಡಿದವಳು, ಗಂಡನ ದನಿ ಗುರುತು ಹಿಡಿಯದೆ ಇರುತ್ತಾಳೆಯೇ? ಕೂಸು ಆ ಗಳಿಗೆಯಿಂದ ಅಳುವುದನ್ನು ಬಿಟ್ಟಿತು.

ಇನ್ನೊಬ್ಬ ಹಿರಿಯನ ಹೆಸರು ಕರೆದು ನೋಡಿದರು. ಅಂಗಳದಿಂದ ಇನ್ನೊಂದು ದನಿ "ಓ" ಅಂತು. ಮನೆತನದಲ್ಲಿ ಯಾರಿಗೂ ಇಡದ ಹೊಸ ಹೆಸರು ಕರೆದರು. ಅದಕ್ಕೆ ಅಂಗಳವೂ ಓ ಅನ್ನಲಿಲ್ಲ, ಕೂಸೂ ಕಣ್ಣು ಹೊರಳಿಸಲಿಲ್ಲ. ಮೊಲೆ ಬಾಯಿಗಿಟ್ಟರೆ ಹಿಡಿಯಲಿಲ್ಲ. ದಿನದಿನಕ್ಕೆ ತೊಟ್ಟಿಲು ಹಗುರಾಯಿತು. ದಿನದಿನಕ್ಕೆ ಅಂಗಳದ ನೆರಳುಗಳು ಹೊಸ್ತಿಲಿಗೆ ಗೇಣು ಗೇಣು ಹತ್ತಿರ ಬಂದವು. ಕರೆಸಿಕೊಂಡವರು ಬರಿಗೈಯಲ್ಲಿ ಹೋಗುವುದಿಲ್ಲ, ಕೂಸನ್ನು ಎತ್ತಿಕೊಂಡೇ ಹೋಗುತ್ತಾರೆ ಅಂತ ಆಳುಗಳು ಪಿಸುಗುಟ್ಟಿದರು.

ಒಂದು ದಿನ ಸೊಸೆ ಸುಗಲವ್ವ ತೊಟ್ಟಿಲ ಕೌದಿ ಬದಲಿಸಲು ಎತ್ತಿದಳು. ಮಡಿಕೆಯ ಒಳಗಿಂದ ಬೆಳ್ಳಿಯ ಉಡಿದಾರ ಜಾರಿ ನೆಲಕ್ಕೆ ಬಿತ್ತು. ಕೊಂಡಿ ಕಳಚಿತ್ತು, ಅಷ್ಟೇ. ಅವಳು ಅದನ್ನು ಅತ್ತೆಯ ಮುಂದೆ ಹಿಡಿದಳು.

"ಒಳಗಿಡು" ಅಂದಳು ಗೌಡಸಾನಿ. "ಯಾರ ಮುಂದೂ ಬಾಯಿ ಬಿಡಬ್ಯಾಡ."

ಆದರೂ ಎರಡು ಬಂಡಿ ಜೋಳ ಹೇರಿಸಿ, ಒಂದು ಹೊಸ ಎತ್ತು ಕಟ್ಟಿಸಿ, ಹೆಳವರನ್ನು ಹುಡುಕಿ ತರಲು ಮಗನನ್ನು ಕಳಿಸಿದಳು. ಅವನು ಬಂಡಿಗಳ ಸಮೇತ ತಿರುಗಿ ಬಂದ. ಕರೇಕಲ್ಲಿನ ಮಾತು ಹೆಳವರಿಗಿಂತ ಮೊದಲೇ ಊರೂರು ಮುಟ್ಟಿತ್ತಂತೆ. ಯಾವ ಊರಿನವರೂ ಅವರನ್ನು ಅಗಸಿಯ ಒಳಗೆ ಬಿಡಲಿಲ್ಲ, ಬಾವಿಗೆ ಹಗ್ಗ ಇಳಿಸಗೊಡಲಿಲ್ಲ. ಅವರ ಬಂಧುಬಳಗಕ್ಕೂ ಅದೇ ಗತಿ. ವಾಡೆಯ ಗೌಡಸಾನಿಯೇ ಹೇಳಿದ ಮೇಲೆ ಸುಳ್ಳಾಗುತ್ತದೆಯೇ ಅಂತ ಜನ ಕೇಳುತ್ತಿದ್ದರು. ಯಮನವ್ವ ಮೂರು ಊರಿನ ಆಚೆ, ಸತ್ತ ದನ ಎಸೆಯುವ ಬಯಲಿನಲ್ಲಿ ಒಬ್ಬಳೇ ಕೂತಿದ್ದಳು. ಜೋಳವನ್ನು ಮುಟ್ಟಲಿಲ್ಲ, ಎತ್ತಿನ ಕಡೆ ನೋಡಲಿಲ್ಲ.

"ಒಬ್ಬಳೇ ಅಂದರೇನು? ಮುದುಕಪ್ಪ ಎಲ್ಲಿ?" ಅಂತ ಗೌಡಸಾನಿ ಕೇಳಿದಳು.

ಮಗ ಅಂಗಳದ ಕಡೆ ಕೈ ತೋರಿಸಿದ. ಬಿಸಿಲು ನೆತ್ತಿಗೆ ಬಂದಿತ್ತು. ನೆಲದ ಮೇಲೆ ಏಳು ನೆರಳಿದ್ದವು. ಏಳನೆಯದು ಎತ್ತಿನ ಮೇಲೆ ಕೂತಿತ್ತು.

ಆಗ ಗೌಡಸಾನಿ ಬಾವಿಗೆ ಆಳು ಇಳಿಸಿ ಗಂಟೆ ತೆಗೆಸಿದಳು. ಬಂಡಿ ಬೇಡ ಅಂದಳು, ಚಪ್ಪಲಿ ಬೇಡ ಅಂದಳು. ಗಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂರು ಊರು ನಡೆದಳಂತೆ. ವಾಡೆಯ ಹೆಂಗಸು ನಡೆದು ಹೋಗುವುದನ್ನು ದಾರಿಯವರು ನಿಂತು ನೋಡಿದರು.

ಯಮನವ್ವ ಏಳಲಿಲ್ಲ. ಗೌಡಸಾನಿಯೇ ನೆಲಕ್ಕೆ ಕೂತಳು.

"ಹಿರ್ಯಾರ ಹೆಸರು ನಿನಗೂ ಗೊತ್ತಿರಬೇಕಲ್ಲ, ಯಮನವ್ವಾ" ಅಂದಳು.

"ಎತ್ತಿನ ಬಾಲ ಹಿಡಿದು ನಡೆದಾಕಿ. ಗೊತ್ತಿಲ್ಲದ ಏನು?"

"ಬಂದು ಕಳಿಸು. ಕೂಸು ಉಳೀಲಿ. ಏನು ಬೇಕೋ ಕೇಳು."

ಯಮನವ್ವ ಗಂಟೆಯನ್ನು ತೆಗೆದುಕೊಂಡು, ಪಾಚಿಯನ್ನು ಸೆರಗಿನಿಂದ ಒರೆಸಿದಳು. "ಆರು ಮಂದಿ ನಿಮ್ಮವರು ಅವ್ವಾರ, ಅವರನ್ನ ನಾ ಕಳಸ್ತೀನಿ. ಕೂಸಿನ ತಪ್ಪೇನೂ ಇಲ್ಲ. ಏಳನೆಯವರು ನಮ್ಮವರು. ಅವರು ನನ್ನ ಮಾತಿಗೆ ಹೋಗೂದಿಲ್ಲ. ಅವರು ಹೋಗದ ನಿಮ್ಮವರೂ ಕದಲೂದಿಲ್ಲ."

"ಮತ್ತೆ ಯಾರ ಮಾತಿಗೆ ಹೋಗ್ತಾನ?"

"ಕಳ್ಳ ಅಂತ ಅಂದ ಬಾಯಿ ಯಾವುದೋ, ಅದರ ಮಾತಿಗೆ. ಅಂದ ಜಾಗಾದಾಗ. ಕೇಳಿದ ಮಂದಿ ಮುಂದ."

ಬಾವಿ, ಅಗಸಿ, ಚಾವಡಿ, ಎಲ್ಲ ಗೌಡಸಾನಿಯ ಕಣ್ಣ ಮುಂದೆ ಬಂದು ಹೋದವಂತೆ. ಆಮೇಲೆ ಹಗುರಾಗುತ್ತಿದ್ದ ತೊಟ್ಟಿಲು ಬಂತು. ಅವಳು ಎದ್ದಳು.

ಮರುದಿನ ಊರಲ್ಲಿ ಡಂಗುರ ಸಾರಿಸಿದರು. ಊರೆಲ್ಲ ವಾಡೆಯ ಮುಂದೆ ಸೇರಿತು. ಬಿಸಿಲು ನೆತ್ತಿಗೇರಿತು, ಏಳು ನೆರಳು ಕಾಣಿಸಿಕೊಂಡವು, ಜನ ಹಿಂದೆ ಸರಿದರು. ಗೌಡಸಾನಿ ಅದೇ ಜಗುಲಿಯ ಮೇಲೆ ನಿಂತು ಉಡಿದಾರವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಇದು ನಮ್ಮ ತೊಟ್ಟಿಲೊಳಗೇ ಇತ್ತು. ಮುದುಕಪ್ಪ ಕಳ್ಳ ಅಲ್ಲ, ಯಮನವ್ವ ಕಳ್ಳಿ ಅಲ್ಲ. ಸುಳ್ಳು ನನ್ನದು. ಜೀವ ಅವನದು ಹೋಯಿತು. ಮುದುಕಪ್ಪಾ, ನನ್ನದು ತಪ್ಪಾಯಿತು." ಹಾಗಂದು ಜಗುಲಿಯಿಂದ ಇಳಿದು, ಎತ್ತಿನ ನೆರಳು ಬಿದ್ದ ನೆಲಕ್ಕೆ ಹಣೆ ಹಚ್ಚಿದಳಂತೆ.

ಎತ್ತಿನ ನೆರಳು ಒಂದೊಂದೇ ಹೆಜ್ಜೆ ಹಿಂದೆ ಸರಿದು ಅಂಗಳ ಬಿಟ್ಟಿತು. ಯಮನವ್ವ ಮೂಲಪುರುಷನಿಂದ ಹಿಡಿದು ಆರೂ ಹೆಸರು ಕರೆದಳು, ಗಂಟೆ ಬೋರಲು ಹಿಡಿದಳು, "ಉಂಡಿರಿ, ಕಂಡಿರಿ, ಹೋಗಿ ಬರ್ರಿ" ಅಂದಳು. ಒಂದೊಂದೇ ನೆರಳು ಗೌಡಸಾನಿಯನ್ನು ದಾಟಿ ಹೋಗಿ ಅಗಸಿಯ ಕಡೆ ಕರಗಿತು. ಒಳಗೆ ಸುಗಲವ್ವ ಹೆದರುತ್ತಾ, "ಅಮರಗೌಡಾ" ಅಂದಳು. ಅಂಗಳ ಓ ಅನ್ನಲಿಲ್ಲ. ಕೂಸು ತಿರುಗಿ ನೋಡಿ, ಊರಿಗೆಲ್ಲ ಕೇಳುವ ಹಾಗೆ ಅತ್ತಿತು.

ತೊಟ್ಟಿಲು ತೂಗಿತು, ಹಾಲು ಹೆಪ್ಪಾಯಿತು, ಹೇಳಿದವರ ಬಾಯಿ ಸಿಹಿಯಾಗಲಿ ಅಂತ ಇಲ್ಲಿಗೆ ಕಥೆ ಮುಗಿಸಿ ಎದ್ದು ಹೋಗುವವರಿದ್ದಾರೆ. ಏಳಬಾರದು. ಅವತ್ತು ಊರವರೂ ಹಾಗೆಯೇ ಎದ್ದು ಹೊರಟಿದ್ದರು. ಹೊರಟವರು ತಿರುವಿನಲ್ಲೇ ನಿಂತರು. ವಾಡೆಯ ಅಂಗಳ ಬಿಟ್ಟ ಎತ್ತಿನ ನೆರಳು ಊರು ಬಿಟ್ಟಿರಲಿಲ್ಲ. ಚಾವಡಿಯ ಮುಂದೆ, ಗುಡಿಸಲಿಗೆ ಬೆಂಕಿ ಒಯ್ದವರ ದಾರಿಗೆ ಅಡ್ಡಲಾಗಿ, ಉದ್ದಕ್ಕೆ ಬಿದ್ದಿತ್ತು.

ಯಮನವ್ವ ಅವರ ಹಿಂದೆ ಬಂದು ನಿಂತಳು. ಗಂಟೆ ಬಾರಿಸಲಿಲ್ಲ.

"ಗೌಡಸಾನಿಯವರು ತಪ್ಪಾಯಿತು ಅಂದರು" ಅಂದಳು. "ಇನ್ನ ನೀವು ಅನ್ರಿ."