ಕಳ್ಳನ ದೊಣೆಯ ನೀರು

ಅರಳೀಕೊಪ್ಪಲಿನಲ್ಲಿ ಬಸ್ಸಿಳಿದು, ಚರ್ಚಿನ ಹಿಂದಿನ ಹಾದಿ ಹಿಡಿದು ಕಾಲು ಗಂಟೆ ಗುಡ್ಡ ಹತ್ತಿದರೆ ಅಗಲವಾದ ಕರಿಬಂಡೆಯೊಂದು ಸಿಗುತ್ತದೆ. ಅದರ ನಡುವೆ ತೊಟ್ಟಿಲಿನಷ್ಟು ಉದ್ದದ ಒಂದು ಕುಳಿ, ಕುಳಿಯ ತುಂಬ ತಿಳಿನೀರು. ಬಂಡೆಯ ಮೇಲಿನ ಇಂಥ ನೀರಿನ ಕುಳಿಗೆ ನಮ್ಮ ಕಡೆ ದೊಣೆ ಎನ್ನುತ್ತಾರೆ. ಇದರ ಹೆಸರು ಕಳ್ಳನ ದೊಣೆ. ಹೆಸರು ಕೇಳಿದ್ದೇ ತಡ, ಹೊರಗಿನಿಂದ ಬಂದವರ ಕಣ್ಣು ಅಗಲವಾಗುತ್ತದೆ. ಕಳ್ಳ ಇಲ್ಲಿ ಒಡವೆ ಬಚ್ಚಿಟ್ಟಿದ್ದನೇ ಎಂದು ಕೇಳುತ್ತಾರೆ. ಹೋದ ವರ್ಷ ಯಾರೋ ಪುಣ್ಯಾತ್ಮರು ಹಾರೆ ತಂದು ಬಂಡೆಯ ಬುಡ ಅಗೆದೂ ಹೋದರು. ನಿಧಿಯಂತೆ ನಿಧಿ! ಈ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ನನ್ನನ್ನು ಒಂದು ಮಾತು ಕೇಳಿದ್ದರೆ ಅವರ ಬೆನ್ನುನೋವಾದರೂ ತಪ್ಪುತ್ತಿತ್ತು. ಕೂತುಕೊಳ್ಳಿ, ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ನನಗೆ ಇದು ಸಾಕೆನಿಸಿಲ್ಲ.

ಹಿಂದೆ ಒಮ್ಮೆ, ನನ್ನ ಮುತ್ತಜ್ಜನ ಅಜ್ಜ ಬದುಕಿದ್ದ ಕಾಲದಲ್ಲಿ, ಇದು ನಲವತ್ತು ಮನೆಗಳ ಕ್ರೈಸ್ತರ ಊರು. ಇದ್ದದ್ದು ಹುಲ್ಲು ಹೊದಿಸಿದ ಒಂದು ಗುಡಿ. ಸನ್ಯಾಸಿಗಳಂತೆ ಕಾವಿ ತೊಟ್ಟ ಕ್ರೈಸ್ತ ಗುರುಗಳು ವರ್ಷಕ್ಕೆ ಒಂದೆರಡು ಸಲ ಕಾಡುದಾರಿಯಲ್ಲಿ ನಡೆದು ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಜಪ ಹೇಳಿಸುವುದು, ಹುಟ್ಟಿದ ಮಕ್ಕಳ ತಲೆಗೆ ನೀರೆರೆದು ಕ್ರೈಸ್ತರನ್ನಾಗಿಸುವ ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣು ಮಾಡುವುದು, ಎಲ್ಲವೂ ಉಪದೇಶಿ ಇನ್ನಾಸಪ್ಪನವರ ಹೆಗಲಿಗೆ. ಭಾನುವಾರ ಬೆಳಿಗ್ಗೆ ಊರಿಗೆ ಊರೇ ಗುಡಿಯೊಳಗೆ ಸೇರುತ್ತಿತ್ತು, ಕೊಟ್ಟಿಗೆಗಳ ಕಡೆ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಇದನ್ನು ಊರವರಿಗಿಂತ ಚೆನ್ನಾಗಿ ಅರಿತಿದ್ದವನು ಜವರನೆಂಬ ದನಗಳ್ಳ. ಅವನು ಗುಡಿಯ ಹಿಂಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದ. ಯಾವ ಜಪ ನಡೆಯುತ್ತಿದ್ದರೆ ಜನ ಹೊರಬರಲು ಎಷ್ಟು ಹೊತ್ತಿದೆ ಎಂಬುದು ಅವನಿಗೆ ಕರಾರುವಾಕ್ಕಾಗಿ ಗೊತ್ತು. ಹಾಗೆ ಎರಡು ವರ್ಷ ಕದಿಯುವುದಕ್ಕಾಗಿ ಕೇಳಿ ಕೇಳಿ, ಊರಿನ ಯಾವ ಕ್ರೈಸ್ತನಿಗೂ ಬಾರದಷ್ಟು ಜಪಗಳು ಈ ಕಳ್ಳನಿಗೆ ಬಾಯಿಪಾಠವಾದವು! ಮಕ್ಕಳ ತಲೆಗೆ ನೀರೆರೆಯುವಾಗ ಹೇಳುವ ಮಾತೂ ಅವುಗಳಲ್ಲಿ ಸೇರಿತ್ತು.

ಒಂದು ಭಾನುವಾರ ಅವನು ಕೊಟ್ಟಿಗೆಯ ಕಡೆ ಹೋಗಲೇ ಇಲ್ಲ. ಅಂದು ಒಳಗೆ, ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೇರಿ, ಕೊನೆಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟು ಸ್ವರ್ಗ ಪಡೆದ ಕಳ್ಳನ ಕಥೆ ಹೇಳುತ್ತಿದ್ದರು ಎನ್ನುತ್ತಾರೆ ಕೆಲವರು. ನನ್ನನ್ನು ಕೇಳಿದರೆ, ಅಷ್ಟು ದಿನ ಕಿವಿಯಲ್ಲಿ ನಿಂತದ್ದು ಅಂದು ಎದೆಗೆ ಇಳಿಯಿತು, ಅಷ್ಟೆ. ಮರುದಿನ ನಡುಮಧ್ಯಾಹ್ನ, ಊರೆಲ್ಲ ನೋಡುತ್ತಿರುವಾಗಲೇ, ಊರಿನ ಯಜಮಾನ ರಾಯಪ್ಪನವರ ಮನೆಯಿಂದ ಕದ್ದಿದ್ದ ಜೋಡೆತ್ತುಗಳನ್ನು ಹೊಡೆದುಕೊಂಡು ಬಂದು ಅವರ ಅಂಗಳದಲ್ಲೇ ಕಟ್ಟಿದ. ಬಿದ್ದ ಏಟುಗಳನ್ನು ತಿಂದ. ಆಮೇಲೆ ಮೈಕೈ ಒರೆಸಿಕೊಂಡು ಉಪದೇಶಿಗಳ ಮುಂದೆ ನಿಂತು ಜ್ಞಾನಸ್ನಾನ ಬೇಡಿದ. ಇನ್ನಾಸಪ್ಪನವರು ಒಳ್ಳೆಯವರು, ಆದರೆ ಬುದ್ಧಿವಂತರು. ಗುರುಗಳು ಬಂದ ಮೇಲೆ ಅವರೇ ಕೊಡಲಿ, ಅಲ್ಲಿಯವರೆಗೆ ಬಾಗಿಲಾಚೆ ನಿಂತು ಜಪ ಹೇಳುತ್ತಿರು ಎಂದರು. ಜವರ ಹೂಂ ಎಂದ.

ಅದೇ ವರ್ಷ ನಾಡಿನಲ್ಲಿ ಯುದ್ಧ ಶುರುವಾಯಿತು. ದಂಡು ಓಡಾಡುವ ದಾರಿಗಳಲ್ಲಿ ಸನ್ಯಾಸಿಗಳಿಗೂ ಉಳಿಗಾಲವಿಲ್ಲದೆ ಗುರುಗಳ ಬರವು ನಿಂತೇಹೋಯಿತು. ಮುಂದಿನ ಬೇಸಿಗೆಯಲ್ಲಿ ಸಿಡುಬು ಬಂದು ಇನ್ನಾಸಪ್ಪನವರನ್ನು ಕೊಂಡೊಯ್ದಿತು. ಎಲ್ಲವನ್ನೂ ಅವರೇ ಮಾಡುತ್ತಿದ್ದರಲ್ಲ, ಬೇರೆ ಯಾರೂ ಏನನ್ನೂ ಕಲಿತಿರಲಿಲ್ಲ. ಆಗ ಗುಡ್ಡಕ್ಕೆ ಸೌದೆಗೆ ಹೋಗಿದ್ದ ಹೆಣ್ಣುಮಗಳೊಬ್ಬಳಿಗೆ ಏಳು ತಿಂಗಳಿಗೇ ನೋವು ಕಾಣಿಸಿಕೊಂಡು, ಈ ಬಂಡೆಯ ಮೇಲೆಯೇ ಹೆರಿಗೆಯಾಯಿತು. ಅಂಗೈಯಷ್ಟು ಕೂಸು, ಅಳುವ ಶಕ್ತಿಯೂ ಇಲ್ಲ. ಜ್ಞಾನಸ್ನಾನವಿಲ್ಲದೆ ಹೋದರೆ ಕೂಸಿಗೆ ಸ್ವರ್ಗವಿಲ್ಲವಲ್ಲಾ ಎಂದು ಬಾಣಂತಿಯ ತಾಯಿ ಗೋಳಾಡಿದಳು. ಜೊತೆಗಿದ್ದ ಹೆಂಗಸರಲ್ಲಿ ಯಾರಿಗೂ ಆ ಮಾತು ಬಾರದು. ಅಲ್ಲೇ ಸೊಪ್ಪು ಕಡಿಯುತ್ತಿದ್ದ ಜವರ ಓಡಿಬಂದು, ನನಗೆ ಬರುತ್ತೆ ಅಂದ. ಮುದುಕಿ ಅವನನ್ನೊಮ್ಮೆ, ಕೂಸನ್ನೊಮ್ಮೆ ನೋಡಿ, ಕೂಸನ್ನು ಅವನ ಕೈಗಿಟ್ಟಳು. ಅವನು ದೊಣೆಯಿಂದ ಬೊಗಸೆ ನೀರು ತೆಗೆದು, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ಮೂರು ಸಲ ಎರೆದು, ಮದಲೇನ ಎಂದು ಹೆಸರಿಟ್ಟ. ತಣ್ಣೀರು ಬಿದ್ದದ್ದೇ ಕೂಸು ಕಿಟಾರನೆ ಕಿರುಚಿಕೊಂಡಿತು ನೋಡಿ, ಬದುಕಿಬಿಟ್ಟಿತು!

ಅಲ್ಲಿಂದ ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಹುಟ್ಟಿದ ಪ್ರತಿ ಮಗುವೂ ಈ ಬಂಡೆಗೆ ಬಂತು. ಆದರೆ ನಮ್ಮವರ ಗುಣ ಕೇಳಿ: ಮಗುವನ್ನು ಜವರನ ಕೈಗೆ ಕೊಟ್ಟವರೇ ಮನೆಗೆ ಹೋಗಿ ಕೊಟ್ಟಿಗೆಯ ಅಗಳಿಯನ್ನು ಎರಡೆರಡು ಸಲ ನೋಡುತ್ತಿದ್ದರು. ಗುಡಿಯ ಹೊಸಿಲು ದಾಟಿ ಒಳಗೆ ಬಾ ಎಂದು ಒಬ್ಬರೂ ಕರೆಯಲಿಲ್ಲ. ಅವನು ಹೊರಗೆ ನಿಂತು ಜಪ ಹೇಳಿಸುವುದು, ಇವರು ಒಳಗೆ ಕೂತು ಉತ್ತರ ಕೊಡುವುದು! ಕಳ್ಳನ ದೊಣೆ ಎಂಬ ಹೆಸರು ಹುಟ್ಟಿದ್ದು ಆಗಲೇ, ಅದೂ ಹಂಗಿಸುವುದಕ್ಕೆ. ಒಮ್ಮೆ ರಾಯಪ್ಪನವರ ಹೋರಿ ಕಾಣದಾದಾಗ ಹಿಂದುಮುಂದು ನೋಡದೆ ಜವರನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಹೋರಿ ಮೂರನೆಯ ದಿನ ಹಳ್ಳದಲ್ಲಿ ಸಿಕ್ಕಿತು. ಆ ಭಾನುವಾರ ಅವನು ಬರಲಾರನೆಂದೇ ಎಲ್ಲರೂ ಅಂದುಕೊಂಡಿದ್ದರು. ಬಂದ. ನಿಲ್ಲಲಾಗದೆ ಬಾಗಿಲಾಚೆ ಕೂತು ಜಪ ಹೇಳಿಸಿದ. ನನಗೆ ಈಗಲೂ ಸಿಟ್ಟು ಬರುತ್ತದೆ, ಅವನಿಗೆ ಬಂದಿರಲಿಲ್ಲವಂತೆ.

ಕೊನೆಗೊಂದು ದಿನ, ಯೇಸುಸ್ವಾಮಿ ಪುನರುತ್ಥಾನದ ಪಾಸ್ಕ ಹಬ್ಬ ಕಳೆದ ವಾರ, ಕಾವಿ ತೊಟ್ಟ ಹೊಸ ಗುರುಗಳು ಕಾಡುದಾರಿಯಲ್ಲಿ ಬರುತ್ತಿದ್ದಾರೆಂಬ ಸುದ್ದಿ ಬಂತು. ಉಳುತ್ತಿದ್ದವರು ನೇಗಿಲು ಬಿಟ್ಟು, ಹೆಂಗಸರು ಒಲೆಯ ಮೇಲಿನ ಮಡಕೆ ಬಿಟ್ಟು ಓಡಿದರು. ಗುರುಗಳ ಕಾಲು ಹಿಡಿದು ಅತ್ತರು, ನಕ್ಕರು. ಆ ಸಂಭ್ರಮದ ನಡುವೆಯೇ ರಾಯಪ್ಪನವರು ಮುಂದೆ ಬಂದರು. ನಮ್ಮ ಮಕ್ಕಳಿಗೆ ನೀರೆರೆದವನು ಒಬ್ಬ ಕಳ್ಳ ಸ್ವಾಮಿ, ಅದು ಸಲ್ಲುತ್ತದೆಯೇ ಎಂದು ಕೇಳಿಯೇಬಿಟ್ಟರು. ಸಿಡುಬಿನಲ್ಲಿ, ಬರದಲ್ಲಿ ಎಷ್ಟೋ ಕೂಸುಗಳು ಆ ನೀರನ್ನು ನಂಬಿಯೇ ಮಣ್ಣು ಸೇರಿದ್ದವು. ತಾಯಂದಿರು ಸೆರಗು ಬಾಯಿಗಿಟ್ಟುಕೊಂಡು ನಿಂತರು.

ಗುರುಗಳು ಜವರನನ್ನು ಕರೆಸಿದರು. ತನ್ನಿಂದಾಗಿ ಆ ಕೂಸುಗಳಿಗೆ ಸ್ವರ್ಗ ತಪ್ಪಿದ್ದರೆ ಎಂಬ ಒಂದೇ ಭಯ ಅವನಿಗೆ. ಯಾವ ನೀರು, ಯಾವ ಮಾತು, ಯಾವ ಮನಸ್ಸು ಎಂದು ಗುರುಗಳು ಕೇಳಿದರು. ದೊಣೆಯ ನೀರು ಎಂದ. ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಇನ್ನಾಸಪ್ಪನವರು ಕೊಡುತ್ತಿದ್ದದ್ದನ್ನೇ ಕೊಡಬೇಕೆಂಬ ಮನಸ್ಸು ಎಂದ. ಗುರುಗಳು ತಾಯಂದಿರ ಕಡೆ ತಿರುಗಿ, ಎಲ್ಲವೂ ಸಲ್ಲುತ್ತದೆ, ಒಂದು ಮಗುವಿನದೂ ತಪ್ಪಿಲ್ಲ, ನೀರೆರೆಯುವ ಕೈ ಯಾರದೇ ಆಗಲಿ, ಜ್ಞಾನಸ್ನಾನ ಕೊಡುವವನು ದೇವರು ಎಂದರು. ಆಗ ಎದ್ದ ಗದ್ದಲ ಆಚೆ ಊರಿಗೂ ಕೇಳಿಸಿತಂತೆ!

ಗದ್ದಲ ಇಳಿದ ಮೇಲೆ ಗುರುಗಳು ಸುಮ್ಮನೆ, ನಿನಗೆ ಜ್ಞಾನಸ್ನಾನ ಕೊಟ್ಟವರು ಯಾರಪ್ಪ ಎಂದರು.

"ಯಾರೂ ಇಲ್ಲ, ಸ್ವಾಮಿ. ನಂಗಿನ್ನೂ ಆಗಿಲ್ಲ."

ಊರು ಬೆಪ್ಪಾಯಿತು. ಇಪ್ಪತ್ತೆರಡು ವರ್ಷ! ಇನ್ನಾಸಪ್ಪನವರೇ ಕೊಟ್ಟಿದ್ದಾರೆಂದು ಎಲ್ಲರೂ ತಿಳಿದಿದ್ದರು. ಕೇಳಿದವರು ಮಾತ್ರ ಯಾರೂ ಇಲ್ಲ. ಇವರಲ್ಲಿ ಒಬ್ಬರಿಗೆ ಆ ಮಾತು ಕಲಿಸಿ ನೀನೂ ನೀರು ಹಾಕಿಸಿಕೊಳ್ಳಬಹುದಿತ್ತಲ್ಲ ಎಂದರು ಗುರುಗಳು. ಜವರ ತಲೆ ತಗ್ಗಿಸಿದ.

"ಗುರುಗಳು ಕೊಡ್ತಾರೆ, ಕಾದಿರು ಅಂದಿದ್ರು ಉಪದೇಶಿಗಳು. ನಾನು ಎಲ್ಲಾನೂ ಕದ್ದು ತಗೊಂಡವನು ಸ್ವಾಮಿ. ಇದೊಂದನ್ನಾದ್ರೂ ಕೊಟ್ಟಾಗ ತಗೋಬೇಕು ಅಂತಿದ್ದೆ."

ಗುರುಗಳು ಅವನ ಕೈಹಿಡಿದು ಆ ಗಳಿಗೆಯೇ ಗುಡ್ಡ ಹತ್ತಿಸಿದರು. ಊರೆಲ್ಲ ಹಿಂದೆ. ಇವನ ಪರವಾಗಿ ನಿಂತು ಹೆಸರಿಡುವ ಜ್ಞಾನತಂದೆಯೋ ಜ್ಞಾನತಾಯಿಯೋ ಯಾರು ಎಂದು ಕೇಳಿದಾಗ ಹಿರಿಯರು ನೆಲ ನೋಡಿದರು. ಮದಲೇನ, ಅಂಗೈಯಷ್ಟಿದ್ದ ಆ ಕೂಸು, ಈಗ ತಾನೂ ಒಂದು ಕೂಸಿನ ತಾಯಿ, ಕಂಕುಳಲ್ಲಿದ್ದ ಮಗುವನ್ನು ಗಂಡನಿಗೆ ಕೊಟ್ಟು ಮುಂದೆ ಬಂದು, ಮಂಡಿಯೂರಿದ್ದ ಜವರನ ಹೆಗಲ ಮೇಲೆ ಕೈಯಿಟ್ಟಳು. ಇನ್ನಾಸಪ್ಪ ಎಂದು ಹೆಸರಿಟ್ಟಳು. ನೀರು ಬಿದ್ದಾಗ ಅವನು ಮಗುವಿನ ಹಾಗೆಯೇ ಅತ್ತ ಎನ್ನುತ್ತಾರೆ. ಅಂದು ಅವನನ್ನು ಕೈಹಿಡಿದು ಗುಡಿಯೊಳಗೆ ಕರೆದೊಯ್ದವರು ರಾಯಪ್ಪನವರು. ದೊಣೆಯ ಹೆಸರನ್ನು ಬದಲಿಸೋಣವೆಂದು ಹಿರಿಯರು ಹೇಳಿದರೆ, ಅಲ್ಲಿ ಜ್ಞಾನಸ್ನಾನ ಪಡೆದವರೆಲ್ಲ ಒಂದೇ ಬಾಯಲ್ಲಿ ಬೇಡವೆಂದರು. ನಾವು ಕಳ್ಳನ ದೊಣೆಯವರು ಎಂದು ಎದೆತಟ್ಟಿ ಹೇಳಿಕೊಳ್ಳುವುದು ಆಗ ಶುರುವಾಯಿತು, ನಾನೂ ಹೇಳಿಕೊಳ್ಳುತ್ತೇನೆ.

ಇಲ್ಲಿಂದ ಇಳಿಯುವಾಗ ಎಡಕ್ಕೆ ನಮ್ಮ ಹಳೆಯ ಸಮಾಧಿಭೂಮಿ ಕಾಣುತ್ತದೆ, ನೋಡಿಕೊಂಡು ಹೋಗಿ. ಮೂಲೆಯಲ್ಲಿರುವುದು ಆ ಇಪ್ಪತ್ತೆರಡು ವರ್ಷಗಳಲ್ಲಿ ತೀರಿಕೊಂಡ ಕೂಸುಗಳ ಸಾಲು. ಜವರ ಸತ್ತಾಗ ಅವನನ್ನು ಎಲ್ಲಿ ಮಣ್ಣು ಮಾಡುವುದೆಂಬ ಮಾತು ಬಂದಿತಂತೆ. ಆ ಕೂಸುಗಳ ತಾಯಂದಿರು ಮುದುಕಿಯರಾಗಿದ್ದರು; ಅವರೇ ಬಂದು ಜಾಗ ತೋರಿಸಿದರು. ಮೊಳದುದ್ದದ ನಲವತ್ತೊಂದು ಗೋರಿಗಳ ನಡುವೆ ಆಳುದ್ದದ ಗೋರಿ ಒಂದೇ ಒಂದಿದೆ.