ಕದಿರಪ್ಪನ ಬಿಸಿ ಮುದ್ದೆ

ಗುಂಡಿ ಒತ್ತಿದರೆ ಗೇರು ಬೀಳುವ ಕಾರನ್ನು ಈ ಸೀಮೆಯಲ್ಲಿ ಮೊದಲು ಬಿಚ್ಚಿ ಜೋಡಿಸಿದವನು ನಾನೇ. ಸುಳ್ಳು. ಆಗ ನಾನು ಹುಟ್ಟಿರಲಿಲ್ಲ, ನಮ್ಮಪ್ಪನಿಗೆ ಮೀಸೆಯೂ ಬಂದಿರಲಿಲ್ಲ. ಬಿಚ್ಚಿದವನು ಸೈಕಲ್ ಶಾಪಿನ ಕದಿರಪ್ಪ. ಇನ್ನು ಮುಂದೆ ಹೇಳುವುದೆಲ್ಲ ನಿಜ, ಹೆಚ್ಚುಕಮ್ಮಿ.

ಬಹಳ ಹಿಂದೆ, ಚಿನ್ನದ ಗಣಿಯ ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದ ಕಾಲದಲ್ಲಿ, ಗುಟ್ಟಪಾಳ್ಯ ಅಂತ ಒಂದೂರು. ಆ ಊರಿಗೆ ಸೊಣ್ಣಪ್ಪ ಅಂತ ಪಟೇಲ. ಊರು ಬಿಡುತ್ತಿದ್ದ ದೊರೆಯೊಬ್ಬನಿಂದ ಅವನು ಒಂದು ಕಾರು ಕೊಂಡನಂತೆ. ಎಮ್ಮೆಯಷ್ಟು ಕಪ್ಪು, ಮದುವೆ ಚಪ್ಪರದಷ್ಟು ಉದ್ದ. ಅದಕ್ಕೆ ಗೇರಿನ ಕೋಲೇ ಇಲ್ಲ. ಸ್ಟೇರಿಂಗಿನ ಪಕ್ಕ ಐದು ಗುಂಡಿ. ಒಂದು ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ. ಗುಂಡಿಯಿಂದ ಕೆಳಗಿನ ಗೇರ್ ಬಾಕ್ಸಿನವರೆಗೆ ಕೊಳವೆಯೊಳಗೆ ಒಂದು ತಂತಿ, ಬಿಲದೊಳಗೆ ಹಾವು ಹರಿದ ಹಾಗೆ ಹರಿಯುತ್ತಿತ್ತಂತೆ.

ಒಂದು ಬೇಸಿಗೆ ಆ ತಂತಿ ತುಕ್ಕು ಹಿಡಿದು ಕಚ್ಚಿಕೊಂಡಿತು. ಪೇಟೆಯ ಮೆಕ್ಯಾನಿಕ್ಕುಗಳು ಬಂದು, ನೋಡಿ, ತಲೆ ಕೆರೆದುಕೊಂಡು ಹೋದರಂತೆ. ಕದಿರಪ್ಪ ಮಾತ್ರ ಕಾರಿನ ಅಡಿಗೆ ನುಸುಳಿದ. ತಂತಿ ಎಳೆದ, ಸೀಮೆಎಣ್ಣೆಯಲ್ಲಿ ತೊಳೆದ, ಸೊಟ್ಟ ತಿದ್ದಿದ. ಕೊನೆಗೆ ಜಿಡ್ಡು ಹಾಕಬೇಕು. ಗ್ರೀಸು ಎತ್ತಿನ ಗಾಡಿಗೆ ಬಳಿಯುವಂಥದ್ದು, ದೊರೆ ಕೂತ ಕಾರಿಗೆ ಅದು ಮರ್ಯಾದೆಯೇ ಅಂದುಕೊಂಡು, ಹೆಂಡತಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಒಂದು ಸೀಸೆ ಪೂರ್ತಿ ಹುಯ್ದನಂತೆ. ಗುಂಡಿ ಬೆಣ್ಣೆಯಾಯಿತು. ಕಾರು ಘಮಘಮ. ನೋಡಲು ಏಳೂರಿನ ಜನ ಬಂದರಂತೆ. ನಮ್ಮಜ್ಜಿ ಹೇಳುವಾಗ ಹದಿನೇಳು.

ಆಮೇಲೆ ಮಾಗಿ ಬಂತು.

ಪಟೇಲನ ಮಗಳು ಯಲ್ಲಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಬೆಳಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಸೂಲಗಿತ್ತಿ ಪಿಳ್ಳಮ್ಮ ಒಳಗಿಂದ ಬಂದು, ಕೂಸು ಅಡ್ಡ ಮಲಗಿದೆ, ನನ್ನ ಕೈಲಿ ಆಗಲ್ಲ, ಗಣಿ ಆಸ್ಪತ್ರೆಗೆ ಒಯ್ಯಿರಿ, ತಡ ಮಾಡಿದರೆ ಎರಡು ಜೀವ ಹೋಗುತ್ತೆ ಅಂದಳಂತೆ. ಆಸ್ಪತ್ರೆ ಹನ್ನೊಂದು ಮೈಲಿ. ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಇಂಜಿನ್ನು ಗುರ್ ಅಂತು. ಪಟೇಲ ಗುಂಡಿ ಒತ್ತಿದ, ಇಳಿಯಲಿಲ್ಲ. ಹೆಬ್ಬೆರಳಲ್ಲಿ ಒತ್ತಿದ, ಮೊಣಕೈಯಲ್ಲಿ ಒತ್ತಿದ, ಇಳಿಯಲಿಲ್ಲ.

ಕದಿರಪ್ಪನನ್ನು ಹೊದ್ದ ಕಂಬಳಿ ಸಮೇತ ಎಳೆದು ತಂದರು. ಅವನು ಅಡಿಗೆ ನುಸುಳಿ ತಂತಿಯ ತುದಿ ಮುಟ್ಟಿ ಬೆರಳು ನೋಡಿಕೊಂಡ. ಬೆಳ್ಳಗೆ, ಗಟ್ಟಿಗೆ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತು. ಯಾರಿಗೂ ಕಾಣದ ಹಾಗೆ ಬೆರಳನ್ನು ಕಂಬಳಿಗೆ ಒರೆಸಿಕೊಂಡ.

"ಪಟೇಲ್ರೇ, ಮುದ್ದೆ ತರಿಸಿ," ಅಂದ.

"ನನ್ನ ಮಗಳು ಸಾಯ್ತಾವ್ಳೆ, ನಿಂಗೆ ಉಂಬೋ ಯೋಚ್ನೆಯೇನೋ?"

"ಬಿಸೀದು. ಸಾರು ಬ್ಯಾಡ."

ಆಳುಗಳಿಗೆಂದು ಒಲೆಯ ಮೇಲಿದ್ದ ರಾಗಿಮುದ್ದೆ ಹೊಗೆಯಾಡುತ್ತಾ ಬಂತು. ಕದಿರಪ್ಪ ಅದನ್ನು ಕೊಳವೆಯ ಉದ್ದಕ್ಕೂ ಮೆತ್ತಿದ, ತಣ್ಣಗಾದದ್ದು ಕಿತ್ತು ಬಿಸಿಯದು ಮೆತ್ತಿದ. ಅಂಗೈ ಬೊಬ್ಬೆ ಎದ್ದರೂ ಬಿಡಲಿಲ್ಲವಂತೆ. ಏಳು ಮುದ್ದೆ ಅಂತಾರೆ, ಇಪ್ಪತ್ತೊಂದು ಅಂತಾರೆ. ಮೇಲೆ ಯಲ್ಲಕ್ಕನ ನರಳಾಟ ಸಣ್ಣಗಾಗುತ್ತಾ ಬಂತು. ಆಗ ಅವನ ಮೂಗಿನ ಮೇಲೆ ಒಂದು ಹನಿ ಎಣ್ಣೆ ಬಿತ್ತು.

"ಒತ್ತಿ," ಅಂದ.

ಗುಂಡಿ ಟಕ್ಕೆಂದಿತು. ಪಟೇಲ ಕೆಳಗೆ ಮಲಗಿದ್ದವನನ್ನು ಮರೆತು ಹೊರಟೇಬಿಟ್ಟ. ಅಷ್ಟುದ್ದದ ಕಾರು ಕದಿರಪ್ಪನ ಮೇಲಿಂದ ಹಾದುಹೋಯಿತು, ಒಂದು ಕೂದಲೂ ಕೊಂಕಲಿಲ್ಲವಂತೆ.

ಮಧ್ಯಾಹ್ನಕ್ಕೆ ಸುದ್ದಿ ಬಂತು. ಹೆಣ್ಣು ಕೂಸು, ತಾಯಿ ಕ್ಷೇಮ. ಪಟೇಲ ಶಾಲು ಹೊದಿಸಿದ, ಕದಿರಪ್ಪ ತಲೆ ತಗ್ಗಿಸಿ ಹೊದ್ದುಕೊಂಡ. ಎಂಥ ವಿನಯ ಅಂದರು ಜನ. ಮಾರನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ ಎಣ್ಣೆ ಒರೆಸಿ ಗ್ರೀಸು ಬಳಿದು ಬಂದನಂತೆ. ಎಣ್ಣೆಯ ಸಂಗತಿ ಗೊತ್ತಿದ್ದದ್ದು ಸೀಸೆ ಖಾಲಿಯಾದ ಹೆಂಡತಿಗೆ ಮಾತ್ರ. ಅವಳು ಯಾರಿಗೂ ಹೇಳಲಿಲ್ಲ, ನಮ್ಮಜ್ಜಿಯೊಬ್ಬಳನ್ನು ಬಿಟ್ಟು.

ಇವತ್ತಿಗೂ ಗುಟ್ಟಪಾಳ್ಯದಲ್ಲಿ ಮಾಗಿಯ ಬೆಳಗ್ಗೆ ಗಾಡಿ ಹೊರಡುವ ಮುಂಚೆ ಬಾನೆಟ್ಟಿನ ಮೇಲೆ ಕದಿರಪ್ಪನ ಹೆಸರಲ್ಲಿ ಒಂದು ಬಿಸಿ ಮುದ್ದೆ ಇಡುತ್ತಾರೆ. ಟ್ರ್ಯಾಕ್ಟರಿಗೂ ಇಡುತ್ತಾರೆ, ಬಸ್ಸಿಗೂ ಇಡುತ್ತಾರೆ. ಬಸ್ಸಿನ ಡ್ರೈವರುಗಳು ಆ ರೂಟಿಗೆ ಹಸಿದುಕೊಂಡೇ ಬರುತ್ತಾರೆ.

ನಂಬಿಕೆ ಇಲ್ಲದಿದ್ದರೆ ಹೋಗಿ ನೋಡಿ ಸ್ವಾಮಿ. ಹೋಗುವಾಗ ನನ್ನ ಟೀ ದುಡ್ಡು ಕೊಟ್ಟು ಹೋಗಿ. ಎರಡು ಬನ್ನೂ ಇದೆ.